ಒಂದು ವೋಲ್ಟಿನ ಸ್ಥಾಯಿ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಕರೆಸಿದರೆ ಎಲ್ಲರ ಕಣ್ಣೂ ಹಾಡುವವರ ಮೇಲೆ, ಕುಣಿಯುವವರ ಮೇಲೆ. ಕೀಬೋರ್ಡ್ ನುಡಿಸುವವನು ವೇದಿಕೆಯ ಮೂಲೆಯಲ್ಲಿ, ಸ್ಪೀಕರ್ ಪೆಟ್ಟಿಗೆಗಳ ಮರೆಯಲ್ಲಿ ನಿಂತಿರುತ್ತಾನೆ. ಹಾಡು ಎತ್ತಿಕೊಡುವವನು ಅವನು. ಗಾಯಕ ಸಾಲು ಮರೆತರೆ ಅದೇ ಸ್ವರಗಳನ್ನು ಇನ್ನೆರಡು ಸಲ ಸುತ್ತಿಸಿ ಕಾಯುವವನೂ ಅವನೇ. ನಮ್ಮ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಮಾಡುವುದು ಇದನ್ನೇ. ದುರ್ಯೋಧನ ಪದ್ಯದ ನಡುವೆ ತಡವರಿಸಿದರೆ ಮೇಷ್ಟ್ರ ಬೆರಳು ಅವನನ್ನು ಮೆಲ್ಲಗೆ ಶ್ರುತಿಗೆ ತಂದು ನಿಲ್ಲಿಸುತ್ತದೆ. ಶಿಳ್ಳೆ ಮಾತ್ರ ದುರ್ಯೋಧನನಿಗೆ. ಸಾವಿರ ಜನರ ಕಾಲು ಕುಣಿಯುತ್ತದೆ, ಕುಣಿಸಿದ ಬೆರಳು ಯಾರದೆಂದು ಆ ಕಾಲುಗಳಿಗೆ ಗೊತ್ತಿಲ್ಲ. ಇದು ನನಗೆ ಎಂದೂ ಹಳತಾಗದ ಸೋಜಿಗ.

ಈ ಮೂಲೆಯ ಮನುಷ್ಯರಲ್ಲಿ ನಾನು ತುಂಬ ಪ್ರೀತಿಸುವವರು ಬರ್ನಿ ವೋರೆಲ್. 1944ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದವರು. ಮೂರನೆಯ ವಯಸ್ಸಿಗೆ ಪಿಯಾನೊ ಪಾಠ, ಎಂಟನೆಯ ವಯಸ್ಸಿಗೆ ಸ್ವಂತದ್ದೊಂದು ಕಾನ್ಸರ್ಟೊ ರಚನೆ. ಮುಂದೆ ಬೋಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಶಾಸ್ತ್ರೀಯ ಸಂಗೀತದ ಅಭ್ಯಾಸ. ಆದರೆ ಅವರ ಬದುಕು ತಿರುಗಿದ್ದು ಪ್ಲೇನ್‌ಫೀಲ್ಡ್ ಎಂಬ ಊರಿನ ಒಂದು ಕ್ಷೌರದಂಗಡಿಯ ಕಡೆಗೆ. ಅಲ್ಲಿ ಜಾರ್ಜ್ ಕ್ಲಿಂಟನ್ ಕೂದಲು ಕತ್ತರಿಸುತ್ತ, ಗೆಳೆಯರನ್ನು ಕಟ್ಟಿಕೊಂಡು ಹಾಡುತ್ತಿದ್ದರು. ಆ ಗೆಳೆಯರ ಗುಂಪೇ ಬೆಳೆದು ಪಾರ್ಲಿಮೆಂಟ್, ಫಂಕಡೆಲಿಕ್ ಎಂಬ ಜೋಡಿ ತಂಡಗಳಾಯಿತು. ಕ್ಲಿಂಟನ್ ಬಣ್ಣದ ವೇಷದಲ್ಲಿ ಮುಂದೆ, ವೋರೆಲ್ ಹಿಂದೆ ನಾಲ್ಕಾರು ವಾದ್ಯಗಳ ನಡುವೆ. 1980ರ ದಶಕದಲ್ಲಿ ಟಾಕಿಂಗ್ ಹೆಡ್ಸ್ ತಂಡಕ್ಕೂ ನುಡಿಸಿದರು. 2016ರಲ್ಲಿ, ಕ್ಯಾನ್ಸರ್ ದೇಹವನ್ನು ತಿನ್ನುತ್ತಿದ್ದಾಗ, ಅವರು ಕಲಿತ ಕನ್ಸರ್ವೇಟರಿಯೇ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷದ ಜೂನ್ 24ರಂದು ತೀರಿಕೊಂಡರು.

ಈ ತಂಡಗಳು ನುಡಿಸಿದ ಫಂಕ್ ಎಂದರೇನೆಂದು ಕೋಲಾರದವರಿಗೆ ವಿವರಿಸಲು ನನಗೆ ಹೊರಗಿನ ಉದಾಹರಣೆ ಬೇಡ. ಜಾತ್ರೆಯಲ್ಲಿ ತಮಟೆಯವರು ಬೆಂಕಿಗೆ ಹಿಡಿದು ಚರ್ಮ ಕಾಯಿಸಿಕೊಂಡು ಬಂದು ಸಾಲಾಗಿ ನಿಲ್ಲುತ್ತಾರಲ್ಲ, ಆಮೇಲೆ ಬೀಳುವ ಮೊದಲ ಪೆಟ್ಟು ನೆನೆದುಕೊಳ್ಳಿ. ಉಳಿದ ಪೆಟ್ಟುಗಳು ಎಷ್ಟೇ ಚೆಲ್ಲಾಡಲಿ, ಎಲ್ಲವೂ ಆ ಪೆಟ್ಟಿಗೇ ಮರಳಬೇಕು. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಹಾಕಿಕೊಟ್ಟ ಫಂಕ್‌ನ ಕಟ್ಟಳೆಯೂ ಅಷ್ಟೇ: ಆವರ್ತದ ಮೊದಲ ಏಟು ಗಟ್ಟಿಯಾಗಿರಲಿ, ನಡುವೆ ಖಾಲಿ ಜಾಗವಿರಲಿ. ಆ ಖಾಲಿಯಲ್ಲಿ ಏನು ಇಡಬೇಕು, ಏನು ಇಡಬಾರದು ಎಂಬುದೇ ವೋರೆಲ್ಲರ ವಿದ್ಯೆ. ಪಾರ್ಲಿಮೆಂಟ್ ತಂಡದ 1977ರ ಆಲ್ಬಮ್ಮಿನಲ್ಲಿರುವ ‘ಫ್ಲ್ಯಾಶ್ ಲೈಟ್’ ಹಾಡಿನಲ್ಲಿ, ಬೇಸ್ ಗಿಟಾರ್ ಇರಬೇಕಾದಲ್ಲಿ ಅವರು ಮಿನಿಮೂಗ್ ಎಂಬ ಪುಟ್ಟ ಸಿಂಥಸೈಜರ್ ಇಟ್ಟರು. ಆ ಮಂದ್ರ ಸ್ವರಗಳು ಜಾರುತ್ತವೆ, ಬಾಗುತ್ತವೆ, ನೆಲದಡಿಯಿಂದ ಉರುಳಿ ಬರುತ್ತವೆ. ಕಿವಿಗೆ ಕೇಳುವ ಮುನ್ನವೇ ಮೊಣಕಾಲಿಗೆ ತಿಳಿದುಬಿಡುತ್ತದೆ.

1970ರಲ್ಲಿ ಬಂದ ಆ ಮಿನಿಮೂಗ್‌ನಲ್ಲಿ 44 ಮಣೆ, ಅಂದರೆ ಒತ್ತುವ ಕೀ. ಒಂದು ಸಲಕ್ಕೆ ಒಂದೇ ಸ್ವರ. ಒಳಗೆ ತಂತಿಯಿಲ್ಲ, ರೀಡ್ ಇಲ್ಲ, ಗಾಳಿಯೂ ಇಲ್ಲ. ಮಣೆ ಒತ್ತಿದರೆ ಇಷ್ಟು ವೋಲ್ಟ್ ಎಂಬ ಒಂದು ಅಳತೆ ಹೊರಡುತ್ತದೆ. ವಿದ್ಯುತ್ತು ಆ ಅಳತೆಗೆ ತಕ್ಕ ವೇಗದಲ್ಲಿ ಕಂಪಿಸುತ್ತದೆ. ಆ ವಾದ್ಯಕ್ಕೆ ಹೆಸರು ಕೊಟ್ಟ ರಾಬರ್ಟ್ ಮೂಗ್ ಇಟ್ಟ ಲೆಕ್ಕ ನನ್ನನ್ನು ಬೆರಗಾಗಿಸುತ್ತದೆ: ಒಂದು ಸ್ಥಾಯಿಗೆ ಒಂದು ವೋಲ್ಟ್. ಮಂದ್ರ ಷಡ್ಜದಿಂದ ಮಧ್ಯ ಷಡ್ಜಕ್ಕೆ ಏರಲು ಒಂದೇ ವೋಲ್ಟ್ ಸಾಕು. ನಡುವಿನ ಹನ್ನೆರಡು ಸ್ವರಸ್ಥಾನಗಳಿಗೆ ತಲಾ ಹನ್ನೆರಡನೆಯ ಒಂದು ಪಾಲು. ತೋಟಕ್ಕೆ ಹೋಗುವಾಗ ಹಿಡಿಯುವ ಟಾರ್ಚಿನ ಒಂದು ಸೆಲ್ಲಿನಲ್ಲಿ ಒಂದೂವರೆ ಸ್ಥಾಯಿ ಕೂತಿದೆ ಎಂದಾಯಿತು. ತಮಟೆಯ ನಾದ ಚರ್ಮದಲ್ಲಿದೆ ಎನ್ನಬಹುದು, ವೀಣೆಯದು ತಂತಿಯಲ್ಲಿದೆ ಎನ್ನಬಹುದು. ಬೆರಳು ತಾಕುವ ಮುನ್ನ ಇಲ್ಲಿ ಸ್ವರ ಎಲ್ಲಿತ್ತು? ಸರ್ಕ್ಯೂಟಿನ ನಕ್ಷೆ ಓದಿ ತಿಳಿದುಕೊಂಡ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಹಾರ್ಮೋನಿಯಂ ಮೇಲೆ ನಮ್ಮ ಸಂಗೀತಗಾರರ ಹಳೆಯ ದೂರು ಎಂದರೆ ಅದರಲ್ಲಿ ಗಮಕ ಹುಟ್ಟುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ ಎಂಬುದು. ಇಂಥ ಕಾರಣಗಳಿಗಾಗಿ 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ನಮ್ಮಲ್ಲಿ ಆ ನಿಷೇಧ ಸಡಿಲವಾಗುವ ಹೊತ್ತಿಗೆ ಅಮೆರಿಕದಲ್ಲಿ ಮಣೆಯ ಪಕ್ಕ ಒಂದು ಗಾಲಿ ಇಟ್ಟಾಗಿತ್ತು. ಎಡಗೈ ಅದನ್ನು ತಿರುಗಿಸಿದಂತೆ ಸ್ವರ ಬಾಗುತ್ತದೆ. ವೋರೆಲ್ಲರ ಕೈಯಲ್ಲಿ ಅದು ಬಾಗಿದ ರೀತಿ ಕೇಳಿದರೆ, ಮಣೆಯ ವಾದ್ಯಕ್ಕೆ ಕಡೆಗೂ ಕಂಠ ಬಂತಲ್ಲ ಎಂದು ನನ್ನ ಎದೆ ತುಂಬುತ್ತದೆ.

ಫಂಕ್ ಜೊತೆಜೊತೆಗೇ ಬೆಳೆದ ಕುಣಿತದ ಸಂಗೀತ ಡಿಸ್ಕೊ. ಅದು ನಮ್ಮವರೆಗೆ ಬಂದ ದಾರಿಯಲ್ಲಿ ನಮ್ಮವರೇ ಒಬ್ಬರಿದ್ದರು. ಬಿದ್ದು ಅಪ್ಪಯ್ಯ ಕೊಡವ ಮನೆತನದವರು, 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಕೂತು 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ನಿರ್ಮಿಸಿದರು. ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಪಟ್ಟಿಯ ತುದಿಗೇರಿತು. 1980ರ ‘ಕುರ್ಬಾನಿ’ ಚಿತ್ರಕ್ಕೆ ಹದಿಹರೆಯದ ನಾಜಿಯಾ ಹಸನ್ ಕೈಲಿ ಒಂದೇ ಒಂದು ಹಾಡು ಹಾಡಿಸಿದರು. ಅದು ನಮ್ಮೂರುಗಳ ಮದುವೆ ಮೈಕುಗಳಿಗೂ ತಲುಪಿತು.

ಆದರೆ ಡಿಸ್ಕೊ ಬರುವುದಕ್ಕೆ ಎಷ್ಟೋ ಮೊದಲೇ ಅದರ ಉಸಿರು ನಮ್ಮ ಜಿಲ್ಲೆಗೆ ಬಂದಾಗಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹೊರಟ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೆಜಿಎಫ್ ಸೇರಿತು. ಅಂದಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ನಮ್ಮ ನೆಲದಲ್ಲಿ ಅದರ ಮೊದಲ ಕೆಲಸ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸುವುದು. ಗಣಿ 2001ರಲ್ಲಿ ಮುಚ್ಚಿತು, ತಂತಿಗಳು ಹಳ್ಳಿ ಹಳ್ಳಿಗೂ ಹಬ್ಬಿವೆ. ಈಗ ರಾತ್ರಿ ತ್ರೀಫೇಸ್ ಬಂದರೆ ಮಾಲೂರಿನ ಹೊಲದಲ್ಲಿ ಬೋರ್‌ವೆಲ್ ಮೋಟರು ಗುಂಯ್‌ಗುಡುತ್ತದೆ, ಊರೊಳಗೆ ವೇದಿಕೆಯ ಮೂಲೆಯ ಹುಡುಗ ಕೀಬೋರ್ಡಿನ ಎಡಭಾಗಕ್ಕೆ ಬೇಸ್, ಬಲಭಾಗಕ್ಕೆ ನಾದಸ್ವರ ಹೊಂದಿಸಿಕೊಳ್ಳುತ್ತಾನೆ. ಅದೇ ಕರೆಂಟು ಒಂದು ಕಡೆ ಸಾವಿರ ಅಡಿ ಕೆಳಗಿನ ನೀರನ್ನು ಎತ್ತುತ್ತದೆ, ಇನ್ನೊಂದು ಕಡೆ ಜನರ ಕಾಲನ್ನು.