ಒಂದೇ ಸಂಪಿನ ನೀರು



ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಬೆಂಗಳೂರಿನಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಳ್ಳುವುದೋ, ಊರಾಚೆ ಸಣ್ಣ ಸೈಟು ತೆಗೆದುಕೊಂಡು ನಿಧಾನವಾಗಿ ಮನೆ ಕಟ್ಟುವುದೋ? ನಮ್ಮ ಯಜಮಾನರದು ಲೆಕ್ಕ: ಬ್ಯಾಂಕಿನ ಕಂತು, ತಿಂಗಳ ಮೇಂಟೆನೆನ್ಸ್, ಕಾರ್ಪೆಟ್ ಏರಿಯಾ. ನನ್ನದು ಅಳುಕು: ಮೇಲಿನ ಮನೆಯ ಸದ್ದು, ಪಾರ್ಕಿಂಗ್ ಜಗಳ, ಮೀಟಿಂಗಿನ ಕೂಗಾಟ.

ಕಳೆದ ಭಾನುವಾರ ಅವ್ವನನ್ನೂ ಫ್ಲ್ಯಾಟ್ ನೋಡಲು ಕರೆದೊಯ್ದೆವು. ಅವಳು ಅಡುಗೆಮನೆ ನೋಡಲಿಲ್ಲ, ಬಾಲ್ಕನಿ ನೋಡಲಿಲ್ಲ. ಕೆಳಗೆ ಸಂಪಿನ ಹತ್ತಿರ ನಿಂತು, “ಇಷ್ಟು ಮನೆಯೋರೂ ಇದೇ ನೀರು ಕುಡೀತಾರಾ ಮಗಾ?” ಎಂದು ಕೇಳಿದಳು. ಹೌದು ಅವ್ವ ಎಂದೆ. ಮತ್ತೆ ಮಾತಾಡಲಿಲ್ಲ. ಊರಬಾವಿಯ ದೂರದಲ್ಲಿ ಕೊಡ ಇಟ್ಟು, ಯಾರಾದರೂ ಸೇದಿ ಹುಯ್ಯಲೆಂದು ಕಾದು ನಿಂತವಳು ಅವಳು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಇಂಥವರಿಗಾಗಿಯೇ ಅಲ್ಲವೇ?

ಆದರೆ ವಾಪಸಾಗುವಾಗ ಲಿಫ್ಟಿನಲ್ಲಿ ಒಬ್ಬರು, “ನೀವು ಯಾವ ಕಡೆಯವರು?” ಎಂದರು. ಅವರು ಕೇಳಿದ್ದು ಊರನ್ನಲ್ಲವೆಂದು ನಮಗೆ ಗೊತ್ತು. ನೀರು ಒಂದಾದ ಮಾತ್ರಕ್ಕೆ ಮನಸ್ಸು ಒಂದಾಗುವುದಿಲ್ಲ.

ಕೋಸಂಬಿಯ ಕಥೆ ನೆನಪಾಯಿತು. ಶೌಚದ ಪಾತ್ರೆಯಲ್ಲಿ ಒಬ್ಬ ಭಿಕ್ಖು ಮಿಕ್ಕ ನೀರನ್ನು ಹಾಗೇ ಬಿಟ್ಟದ್ದರಿಂದ ಜಗಳ ಶುರುವಾಯಿತೆಂದು ಅಟ್ಠಕಥೆ ಹೇಳುತ್ತದೆ. ಅಷ್ಟಕ್ಕೇ ಸಂಘ ಎರಡಾಯಿತು. ಭಗವಾನರ ಮಾತನ್ನೂ ಯಾರೂ ಕೇಳಲಿಲ್ಲ. ಅವರು ಪಾತ್ರೆ, ಚೀವರ ಹಿಡಿದು ಹೊರಟುಬಿಟ್ಟರು. ದಾರಿಯಲ್ಲಿ ಅನುರುದ್ಧ, ನಂದಿಯ, ಕಿಂಬಿಲರು ಇದ್ದ ವನ ಸಿಕ್ಕಿತು. ಆ ಮೂವರು ಹಾಲು ನೀರು ಬೆರೆತಂತೆ ಬಾಳುತ್ತಿದ್ದರು.

ಅವರ ಗುಟ್ಟು ಬಹಳ ಸರಳ. ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಸಿ, ನೀರು ಇಡುತ್ತಿದ್ದರು. ಕೊನೆಗೆ ಬಂದವರು ಎಲ್ಲ ಎತ್ತಿಟ್ಟು ಗುಡಿಸುತ್ತಿದ್ದರು. ಬರಿದಾದ ಕೊಡ ಯಾರ ಕಣ್ಣಿಗೆ ಬಿತ್ತೋ ಅವರೇ ತುಂಬುತ್ತಿದ್ದರು. ಭಾರವಾದರೆ ಕೈಸನ್ನೆಯಿಂದ ಇನ್ನೊಬ್ಬರನ್ನು ಕರೆಯುತ್ತಿದ್ದರು. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧಮ್ಮದ ಮಾತಾಡುತ್ತಿದ್ದರು. ತನ್ನ ಮನಸ್ಸನ್ನು ಬದಿಗಿಟ್ಟು ಉಳಿದಿಬ್ಬರ ಮನಸ್ಸಿನಂತೆ ನಡೆಯುವುದೇ ಅನುರುದ್ಧರ ಸಾಧನೆಯಾಗಿತ್ತು.

ಅಪಾರ್ಟ್‌ಮೆಂಟಿಗೂ ಇದಕ್ಕಿಂತ ಒಳ್ಳೆಯ ನಿಯಮ ಬೇಕೇ? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಸಾಮಾನ್ಯ ಜಾಗವನ್ನು ಯಾರೂ ಪಾಲು ಮಾಡಿಕೊಳ್ಳುವಂತಿಲ್ಲ. ತಾನು ಬಳಸುವುದಿಲ್ಲವೆಂದು ಅದರ ಖರ್ಚಿನಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಕಾಯ್ದೆ ಹಣ ಕಟ್ಟಿಸಬಲ್ಲದು. ಖಾಲಿ ಕೊಡ ಕಾಣುವ ಕಣ್ಣನ್ನು ನಾವೇ ಬೆಳೆಸಿಕೊಳ್ಳಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಾನು ಚೆಲ್ಲದ ಕಸವನ್ನು ಎತ್ತಬಲ್ಲೆನೇ? ನನಗೆ ಒಪ್ಪಿಗೆಯಿಲ್ಲದ ತೀರ್ಮಾನಕ್ಕೆ, ಅದು ನ್ಯಾಯವಾಗಿದ್ದರೆ, ತಲೆಬಾಗಬಲ್ಲೆನೇ? ಲಿಫ್ಟಿನಲ್ಲಿ ಸಿಕ್ಕವರನ್ನೂ ಪ್ರೀತಿಯ ಕಣ್ಣಿಂದ ನೋಡಬಲ್ಲೆನೇ? ಮೈತ್ರಿಯೆಂದರೆ ಅವರ ಪ್ರಶ್ನೆಯನ್ನು ನುಂಗಿಕೊಳ್ಳುವುದಲ್ಲ. ತಲೆ ತಗ್ಗಿಸದೆ, ದನಿ ಏರಿಸದೆ, “ನಾವು ಬೌದ್ಧರು” ಎಂದು ಉತ್ತರಿಸುವುದು. ಅಂದು ನಾನು ಸುಮ್ಮನಿದ್ದೆ.

ಇದು ಆಗದೆನಿಸಿದರೆ ಸೈಟು ಹುಡುಕುವುದೂ ತಪ್ಪಲ್ಲ. ಭಗವಾನರೂ ಆ ಮೂವರನ್ನು ಬೀಳ್ಕೊಂಡು ಪಾರಿಲೇಯ್ಯಕ ವನದಲ್ಲಿ ಒಬ್ಬರೇ ಇದ್ದರು. ಆದರೆ ಜನರ ಮೇಲಿನ ಸಿಟ್ಟಿನಿಂದ ದೂರ ಹೋದರೆ ಆ ಸಿಟ್ಟು ಹೊಸ ಮನೆಗೂ ನಮ್ಮ ಜೊತೆಯೇ ಬರುತ್ತದೆ.

ಅವ್ವ ಊರಿಗೆ ಹೊರಡುವಾಗ ಹೇಳಿದಳು: “ತಗೊಳ್ಳೋದಾದ್ರೆ ತಗೋ ಮಗಾ. ನೀರು ಮಾತ್ರ ದಂಡ ಮಾಡಬ್ಯಾಡ.”

ಇಂದಿನ ಅಭ್ಯಾಸ: ನಮ್ಮದಲ್ಲದ, ಆದರೆ ಎಲ್ಲರದೂ ಆದ ಒಂದು ಕೆಲಸವನ್ನು ಯಾರಿಗೂ ಹೇಳದೆ ಮಾಡೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು. 🪷