ಕಮರಿಯ ಸೊಬಗೂ ಅದರ ಬೆಲೆಯೂ

ತೈವಾನ್ ದ್ವೀಪದ ತಾರೊಕೊ ರಾಷ್ಟ್ರೀಯ ಉದ್ಯಾನದಲ್ಲಿ ಲಿವು ನದಿಯು ಅಮೃತಶಿಲೆಯ ಬೆಟ್ಟಗಳನ್ನು ಕೊರೆದು ಆಳವಾದ ಕಮರಿಯನ್ನು ಮಾಡಿರುವದು. ನೋಡಹೋದವರು ಬೆರಗಾಗಿ ನಿಲ್ಲುವರು. ಆದರೆ ಅವರನ್ನು ಅಲ್ಲಿಗೆ ಒಯ್ಯುವ ಮಾರ್ಗವನ್ನು 1956ರಿಂದ 1960ರ ವರೆಗೆ ಬಂಡೆಯಲ್ಲಿ ಕಡಿಯುವಾಗ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ಕೆಲಸಗಾರರಲ್ಲಿ ಬಹಳ ಜನರು ಮಾಜಿ ಸಿಪಾಯಿಗಳು. ಹಾಗಾದರೆ ಆ ಸೊಬಗಿನಲ್ಲಿ ಸಂತೋಷಪಡುವದು ತಪ್ಪೋ?

ತಪ್ಪಲ್ಲವೆಂದು ನನ್ನ ಎಣಿಕೆ. ಜನರು ನಡೆಯಲೆಂದೇ ಅವರು ದಾರಿ ಕಡಿದರು. ನಾವು ಕಣ್ಣು ಮುಚ್ಚಿಕೊಂಡರೆ ಅವರಿಗೇನು ಲಾಭ? ಆದರೆ ಬೆಲೆ ತೆತ್ತವನು ಬೇರೆ, ಅನುಭವಿಸುವವನು ಬೇರೆ ಎಂಬುದನ್ನು ಅರಿಯದ ಸಂತೋಷವು ಕಳ್ಳನ ಸಂತೋಷಕ್ಕೆ ಸಮೀಪವಾದದ್ದು. ನಮ್ಮೂರ ಬಾವಿಯ ನೀರು ಸೇದುವಾಗ ಅದನ್ನು ತೋಡಿದವರನ್ನು ನಾವಾದರೂ ನೆನೆಯುತ್ತೇವೋ?

2024ರ ಏಪ್ರಿಲ್ 3ರ ಭೂಕಂಪದಲ್ಲಿ ಬಂಡೆಗಳು ಉರುಳಿ ಆ ಮಾರ್ಗವು ಕೆಟ್ಟಿತು. ಅದನ್ನು ಸರಿಮಾಡುವವರೂ ಅದೇ ಬೆಟ್ಟದ ಕೆಳಗೆ ದುಡಿಯಬೇಕಾಯಿತು. ಹಿಂದೆ ಸತ್ತವರ ನೆನಪಿಗೆ ಕಟ್ಟಿದ ಗುಡಿಯ ಅಡಿಯಿಂದ ಜಲಪಾತವು ಧುಮುಕುತ್ತದೆ. ನೋಡುವವರ ಕಣ್ಣು ಮೊದಲು ನೀರಿನ ಕಡೆಗೇ ಹೋಗುವದು. ನನ್ನದೂ ಹಾಗೆಯೇ ಹೋದೀತು.