ಕುಶಲಕರ್ಮಿಯ ಗೌರವ ಮತ್ತು ಶ್ರಾವಕನ ಅಹಿಂಸೆ

ಮರೆಯಾಗುತ್ತಿರುವ ಗ್ರಾಮಜೀವನವನ್ನು ಮಕ್ಕಳಿಗೆ ತೋರಿಸಬೇಕೆಂಬ ಹಂಬಲ ಇಂದು ಎಲ್ಲೆಡೆ ಕಾಣುತ್ತಿದೆ. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಗೆ ಸಮೀಪದಲ್ಲಿರುವ ಕಣೇರಿಯ ಸಿದ್ಧಗಿರಿ ಮಠದ ವಸ್ತುಸಂಗ್ರಹಾಲಯದಲ್ಲಿ ಬಡಿಗ, ಕಮ್ಮಾರ, ಕುಂಬಾರ, ಸಮಗಾರ ಮೊದಲಾದವರ ಸಿಮೆಂಟಿನ ಮೂರ್ತಿಗಳು ತಂತಮ್ಮ ಕೆಲಸದಲ್ಲಿ ತೊಡಗಿರುವಂತೆ ನಿಂತಿವೆ. ಶಾಲೆಗಳೂ ಸಂಘಸಂಸ್ಥೆಗಳೂ ಒಂದು ದಿನದ ಮಟ್ಟಿಗೆ ನಿಜವಾದ ಕುಶಲಕರ್ಮಿಗಳನ್ನೇ ಕರೆಸಿ ಅವರ ಕೆಲಸವನ್ನು ಪ್ರದರ್ಶಿಸುವುದುಂಟು. ಮೂರ್ತಿಗೆ ಹಸಿವಿಲ್ಲ, ಅವಮಾನವಿಲ್ಲ. ಜೀವಂತ ಮನುಷ್ಯನಿಗೆ ಎರಡೂ ಉಂಟು. ಆದ್ದರಿಂದ ಪ್ರದರ್ಶನದ ದಿನವು ಮನರಂಜನೆಯ ವಿಷಯವಷ್ಟೇ ಅಲ್ಲ, ಧರ್ಮವಿಚಾರದ ವಿಷಯವೂ ಹೌದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಯಾವುದೇ ಬಸದಿಯ ಟ್ರಸ್ಟು ಇಂಥ ದಿನವನ್ನು ಏರ್ಪಡಿಸಲು ಮುಂದಾದರೆ ಒಂದು ಪ್ರಶ್ನೆ ಏಳದೆ ಇರದು. ಈ ಭಾಗದ ಹೆಸರನ್ನು ದೂರದೇಶಗಳಿಗೆ ಒಯ್ದಿರುವ ಕಸಬು ಪಾದರಕ್ಷೆಯದು. ಕೊಲ್ಲಾಪುರಿ ಚಪ್ಪಲಿಯೆಂದು ಜಗತ್ತು ಕರೆಯುವ ವಸ್ತುವನ್ನು ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳ ಮನೆಗಳಲ್ಲಿಯೂ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2018ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಇಂಥ ಕಸಬನ್ನು ಬಿಟ್ಟು ಈ ನಾಡಿನ ಪರಂಪರೆಯನ್ನು ತೋರಿಸಿದರೆ ಅದು ಅಪೂರ್ಣ. ಆದರೆ ಅದರ ಮೂಲದ್ರವ್ಯ ಚರ್ಮ. ಚರ್ಮವನ್ನು ತ್ಯಜಿಸಿದ ಶ್ರಾವಕನು ಅದನ್ನು ಕೊಂಡಾಡುವುದು ಹೇಗೆ?

ಈ ಸಂಕೋಚವನ್ನು ಮಡಿವಂತಿಕೆಯೆಂದು ತಳ್ಳಿಹಾಕಲಾಗದು. ಹಿಂದೆ ಊರಿನಲ್ಲಿ ತಾನಾಗಿ ಸತ್ತ ದನದ ತೊಗಲನ್ನು ಊರಿನಲ್ಲಿಯೇ ಹದಮಾಡುತ್ತಿದ್ದರು. ಇಂದು ಪೇಟೆಯಿಂದ ಬರುವ ತೊಗಲು ಯಾವ ಪ್ರಾಣಿಯದು, ಅದು ಹೇಗೆ ಸತ್ತಿತು ಎಂಬುದನ್ನು ಕೊಳ್ಳುವವನು ಅರಿಯುವುದು ಕಷ್ಟ. ಸಂಶಯವಿರುವಲ್ಲಿ ಬಿಡುವುದೇ ವ್ರತಿಗೆ ಉಚಿತ. ಆದ್ದರಿಂದ ಶ್ರಾವಕನು ಚರ್ಮದ ವಸ್ತುವನ್ನು ಧರಿಸದಿರುವುದೂ ಬಸದಿಯೊಳಗೆ ತರದಿರುವುದೂ ಸರಿಯೇ. ವಿಚಾರ ಮಾಡಬೇಕಾದದ್ದು ಅದರ ಮುಂದಿನ ಹೆಜ್ಜೆಯನ್ನು. ವಸ್ತುವನ್ನು ಬಿಟ್ಟವನು ಅದನ್ನು ಮಾಡಿದವನನ್ನೂ ದೂರವಿಡಬಹುದೆ?

ಮೊದಲಿಗೆ, ಹಿಂಸೆಯ ಲೆಕ್ಕವನ್ನು ಒಬ್ಬನ ತಲೆಗೇ ಕಟ್ಟುವುದು ನ್ಯಾಯವಲ್ಲ. ಭಗವಾನ್ ಋಷಭದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಆರು ಜೀವನೋಪಾಯಗಳನ್ನು ಕಲಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ತಿಳಿಸುತ್ತದೆ. ಕೈಕೆಲಸವೂ ಕೃಷಿಯೂ ಅಲ್ಲಿ ಒಂದೇ ಸಾಲಿನಲ್ಲಿವೆ. ಇತ್ತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಬಿಡಬೇಕಾದ ಕ್ರೂರ ಕಸಬುಗಳ ಪ್ರಸ್ತಾಪ ಬರುತ್ತದೆ. ಬಂಡಿಯ ವ್ಯಾಪಾರ, ಗಾಣದಲ್ಲಿ ಹಿಂಡುವುದು, ಎತ್ತುಗಳ ಬೀಜ ಒಡೆಯುವುದು ಆ ಪಟ್ಟಿಯಲ್ಲಿವೆ. ಗ್ರಾಮಜೀವನದ ಪ್ರದರ್ಶನದಲ್ಲಿ ಎಲ್ಲರೂ ಮೆಚ್ಚಿ ನೋಡುವ ಎತ್ತಿನ ಬಂಡಿ, ಎಣ್ಣೆಯ ಗಾಣ, ಆಲೆಮನೆಗಳೇ ಅವು! ಈ ಭಾಗದ ಜೈನರಲ್ಲಿ ಬಹುಮಂದಿ ಒಕ್ಕಲುತನದವರು. ಕಪಿಲೆ ಬಾವಿಯಿಂದ ನೀರೆತ್ತಿದ ತೊಗಲ ಚೀಲ, ನೊಗಕ್ಕೆ ಬಿಗಿದ ಮಿಣಿ, ಕೈಯಲ್ಲಿದ್ದ ಬಾರುಕೋಲು ಇವೆಲ್ಲವೂ ಚರ್ಮದ ಕೆಲಸಗಾರನ ಕೈಯಿಂದ ಬಂದಂಥವು. ಅದಕ್ಕಾಗಿ ರಾಶಿಯ ಕಾಲದಲ್ಲಿ ಕಣದಲ್ಲಿಯೇ ಅವನಿಗೆ ಆಯ ಸಲ್ಲುತ್ತಿತ್ತು. ಅವನ ಕಸಬಿನ ಫಲವನ್ನು ಒಕ್ಕಲಿಗನು ಉಂಡ ಮೇಲೆ ದೋಷ ಮಾತ್ರ ಅವನದೆನ್ನುವುದು ಹೇಗೆ?

ಎರಡನೆಯದಾಗಿ, ವ್ರತವನ್ನು ಹುಟ್ಟಿನಿಂದ ಅಳೆಯಬಾರದೆಂಬುದು ಆಚಾರ್ಯರದೇ ಮಾತು. ಸಮ್ಯಗ್ದರ್ಶನವುಳ್ಳವನು ಮಾತಂಗನಾಗಿ ಹುಟ್ಟಿದ್ದರೂ ದೇವಸಮಾನನೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾರಿದ್ದಾರೆ. ಅಹಿಂಸಾಣುವ್ರತದಲ್ಲಿ ಪ್ರಸಿದ್ಧನಾದವನು ಯಾರೆಂದು ಹೇಳಬೇಕಾದಾಗ ಅವರು ಎತ್ತಿಕೊಂಡದ್ದು ಅರಸನನ್ನೂ ಅಲ್ಲ, ಶ್ರೇಷ್ಠಿಯನ್ನೂ ಅಲ್ಲ, ಒಬ್ಬ ಮಾತಂಗನನ್ನು. ಅವನೇ ಕಥೆಗಳಲ್ಲಿ ಬರುವ ಯಮಪಾಲ. ಕೊಲೆಗಾರನ ಕಸಬಿನವನಾಗಿದ್ದೂ ಚತುರ್ದಶಿಯಂದು ಕೊಲ್ಲೆನೆಂಬ ವ್ರತ ಹಿಡಿದು, ರಾಜಾಜ್ಞೆಗೂ ಬಗ್ಗದೆ ನಿಂತವನು. ಅಹಿಂಸೆಯ ಹೆಸರಿನಲ್ಲಿ ಮನುಷ್ಯನನ್ನು ದೂರವಿಡುವವರು ಈ ಕಥೆಯನ್ನು ಮತ್ತೊಮ್ಮೆ ಓದಬೇಕು.

ಮೂರನೆಯ ಮಾತು ಅಚೌರ್ಯದ್ದು. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನಿನ ತನ್ನ ಪ್ರದರ್ಶನದಲ್ಲಿ ಕೊಲ್ಲಾಪುರಿಯನ್ನೇ ಹೋಲುವ ಪಾದರಕ್ಷೆಗಳನ್ನು ಅದರ ಮೂಲದ ಹೆಸರೆತ್ತದೆ ತೋರಿಸಿತು. ಆಕ್ಷೇಪಗಳೆದ್ದ ಮೇಲೆ ಭಾರತೀಯ ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಸುಮಾರು 2,000 ಜೊತೆಗಳನ್ನು ಇಲ್ಲಿಯೇ ಮಾಡಿಸುವುದಾಗಿ ಪ್ರಕಟಿಸಿತು. ಒಂದು ಜೊತೆಯ ಬೆಲೆ ಸುಮಾರು 800 ಯೂರೋ. ಹೊರಗಿನವರ ತಪ್ಪನ್ನು ಎಣಿಸುವುದು ಸುಲಭ. ಆದರೆ ಕುಶಲಕರ್ಮಿಯನ್ನು ದಿನವಿಡೀ ಬಿಸಿಲಲ್ಲಿ ಕೂರಿಸಿ, ಚಿತ್ರ ತೆಗೆದು, ಒಂದು ಶಾಲು ಹೊದೆಸಿ, ಅವನ ದಿನದ ದುಡಿಮೆಯನ್ನು ಕೊಡದೆ ಕಳುಹಿಸುವುದೂ ಸಣ್ಣ ಪ್ರಮಾಣದಲ್ಲಿ ಅದೇ ತಪ್ಪಲ್ಲವೆ? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ದುಡಿದವನ ಕೂಲಿಯನ್ನು ತಡೆಯುವುದು ಅದಕ್ಕೆ ಬಹಳ ದೂರದ್ದಲ್ಲ.

ಆ ಕಸಬಿನ ಶ್ರಮವನ್ನು ತಿಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ತೊಗಲನ್ನು ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ದಿನಗಟ್ಟಲೆ ಹದಮಾಡಬೇಕು. ಅಟ್ಟೆಯನ್ನು ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಯಬೇಕು. ಮೇಲಿನ ಪಟ್ಟಿಯ ನವಿರಾದ ಹೆಣಿಗೆ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದು. ಈ ಸಹನೆ, ಈ ಏಕಾಗ್ರತೆಗಳು ಗೌರವಕ್ಕೆ ಪಾತ್ರವೆನ್ನಲು ಚರ್ಮವನ್ನು ಮುಟ್ಟಲೇಬೇಕೆಂದಿಲ್ಲ.

ಕೈಕಸಬನ್ನು ಧರ್ಮದ ಕಣ್ಣಿನಿಂದ ನೋಡಿದವರು ಈ ನೆಲದಲ್ಲಿಯೇ ಹುಟ್ಟಿದ್ದಾರೆ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಬಾಲ್ಯವನ್ನು ಕಳೆದು 2024ರಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರು ಕೈಮಗ್ಗಕ್ಕೆ ಒತ್ತುಕೊಟ್ಟರು. ಅವರ ಪ್ರೇರಣೆಯಿಂದ ಮಧ್ಯಪ್ರದೇಶದ ಸಾಗರದ ಸೆರೆಮನೆಯಲ್ಲಿಯೂ ಮಗ್ಗಗಳು ಬಂದವು. ಅಪರಾಧ ಮಾಡಿದವನ ಕೈಯನ್ನೂ ಅವರು ತಿರಸ್ಕರಿಸಲಿಲ್ಲ, ಅದಕ್ಕೆ ನೂಲು ಕೊಡಿಸಿದರು. ತಪ್ಪೇ ಮಾಡದ ಸಮಗಾರನ ಕೈಗೆ ಸಮಾಜ ಕೊಡಬೇಕಾದದ್ದು ಅದಕ್ಕಿಂತ ಕಡಿಮೆಯಾಗಲಾರದು.

ಹಾಗಾದರೆ ಟ್ರಸ್ಟುಗಳು ಮಾಡಬೇಕಾದದ್ದೇನು? ಪ್ರದರ್ಶನವನ್ನು ಬಸದಿಯ ಆವರಣದಲ್ಲಿ ಇಡದೆ ಊರಿನ ಬಯಲಿನಲ್ಲಿ ಇಡಬಹುದು. ಆಗ ವ್ರತಕ್ಕೂ ಭಂಗವಿಲ್ಲ, ಯಾರನ್ನೂ ಬೇರೆ ಮಾಡಬೇಕಾಗಿಲ್ಲ. ಕುಂಬಾರನ ಪಕ್ಕದಲ್ಲಿಯೇ ಸಮಗಾರನಿಗೂ ಸ್ಥಳವಿರಲಿ, ಊಟದ ಪಂಕ್ತಿ ಒಂದೇ ಆಗಿರಲಿ, ದಿನದ ಕೂಲಿಯನ್ನು ಮೊದಲೇ ಗೊತ್ತುಮಾಡಿ ಸಂಜೆಯೇ ಕೊಡಲಿ. ಗಾಡಿ ಶರ್ಯತ್ತು, ಭಾರ ಎಳೆಯುವ ಪಂದ್ಯಗಳನ್ನು ಸೇರಿಸುವ ಆಸೆಯನ್ನು ಬಿಡಲಿ. ಅತಿಭಾರಾರೋಪಣವೂ ಅತಿಚಾರವೇ. ಚರ್ಮವನ್ನು ಏಕೆ ಬಳಸುವುದಿಲ್ಲವೆಂಬುದನ್ನು ಮಕ್ಕಳಿಗೆ ಹೇಳಬೇಕು, ಆದರೆ ಕೆಲಸಗಾರನು ಕೇಳಿದರೂ ನೋಯದ ಮಾತುಗಳಲ್ಲಿ ಹೇಳಬೇಕು. ಅವನ ಎದುರಿಗೆ ಹೇಳಲಾಗದ ಅಹಿಂಸೆಯ ಮಾತಿನಲ್ಲಿ ಎಲ್ಲಿಯೋ ಹಿಂಸೆ ಅಡಗಿದೆಯೆಂದು ತಿಳಿಯಬೇಕು.

ಪಾದರಕ್ಷೆಯನ್ನು ಬಸದಿಯ ಹೊರಗೆ ಬಿಡುವುದು ಹಿರಿಯರು ಕಲಿಸಿದ ಆಚಾರ. ಅದನ್ನು ಹೊಲಿದವನನ್ನು ಹೊರಗೆ ನಿಲ್ಲಿಸುವುದು ಆಚಾರವಲ್ಲ, ಪ್ರಮಾದ. ಈ ಭೇದವನ್ನು ಅರಿತ ಶ್ರಾವಕನು ತನ್ನ ವ್ರತವನ್ನೂ ಉಳಿಸಿಕೊಳ್ಳುವನು, ನೆರೆಯವನ ಮಾನವನ್ನೂ ಉಳಿಸುವನು.